ಕಂಬಳಿ ಹುಳು ತೆಗೆಯುವ ಸೇವೆ: ಕಲಬುರಗಿಯ ನಮ್ಮ ಮನೆಯಲ್ಲಿ ಇಬ್ಬರು ಮಾಡಿದ ಕೆಲಸ

ಹೋದ ವರ್ಷದ ಆಗಸ್ಟ್‌ನಿಂದ ಈ ವರ್ಷದ ಜುಲೈವರೆಗಿನ ಅವಧಿಯಲ್ಲಿ, ಸೇಡಂ ರಸ್ತೆಯ ಕಡೆಗಿರುವ ನಮ್ಮ ಮನೆಯ ಅಂಗಳದಿಂದ ಕಂಬಳಿ ಹುಳು ತೆಗೆಸಲು ನಾನು ಎರಡು ಬೇರೆ ಬೇರೆ ಕಡೆಯವರನ್ನು ಕರೆಸಿದೆ. ಮೊದಲು ಬಂದವರು ಜಾಹೀರಾತು ಕೊಟ್ಟು ಕೆಲಸ ಹಿಡಿಯುವ ಒಂದು ಕೀಟ ನಿಯಂತ್ರಣ ಸಂಸ್ಥೆಯವರು; ಆಮೇಲೆ ಬಂದವರು ತೋಟಗಾರಿಕೆಯ ಕೆಲಸ ಮಾಡಿಕೊಂಡಿರುವ ಇಬ್ಬರು ಅಣ್ಣತಮ್ಮಂದಿರು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಮಳೆಗಾಲದಲ್ಲಿ ಇಂಥ ಸೇವೆಗೆ ಫೋನ್ ಮಾಡುವವರು ನಮ್ಮ ಊರಿನಲ್ಲಿ ಬಹಳ ಜನ ಇದ್ದಾರೆ. ಯಾವ ಕೆಲಸವನ್ನು ಪೂರ್ಣ ಕೆಲಸ ಎನ್ನಬೇಕು, ಯಾವುದನ್ನು ಅರ್ಧಕ್ಕೆ ಬಿಟ್ಟದ್ದು ಎನ್ನಬೇಕು ಎಂಬುದು ಅವರಿಗೆ ಹಣ ಕೊಡುವ ಮೊದಲೇ ತಿಳಿದಿರಲಿ ಎಂಬುದು ನನ್ನ ಉದ್ದೇಶ.

ನಮ್ಮ ಅಂಗಳದಲ್ಲಿ ಒಂದು ಬಾದಾಮಿ ಗಿಡ, ಒಂದು ನುಗ್ಗೆ, ಗೋಡೆಗುಂಟ ಏಳು ಗುಲಾಬಿ ಕುಂಡಗಳಿವೆ. ಕಂಪೌಂಡಿನ ಆಚೆಯ ಖಾಲಿ ನಿವೇಶನದಲ್ಲಿ ಯಾರೂ ಬಿತ್ತದೆ ತಾನಾಗಿಯೇ ಬೆಳೆದ ಔಡಲ ಗಿಡಗಳು ಆಳೆತ್ತರ ನಿಂತಿವೆ. ಮಳೆ ಹಿಡಿದು ಒಂದೂವರೆ ತಿಂಗಳಾದ ಮೇಲೆ ಬಾದಾಮಿಯ ಎಲೆಗಳಲ್ಲಿ ತೂತು ಕಾಣಿಸಿತು. ವಾರ ಕಳೆಯುವುದರೊಳಗೆ ಹುಳುಗಳು ಗೋಡೆಯ ಮೇಲೆ, ಬಟ್ಟೆ ಒಣಗಿಸುವ ತಂತಿಯ ಮೇಲೆ, ಕರೆಂಟಿನ ಮೀಟರ್ ಪೆಟ್ಟಿಗೆಯ ಮೇಲೆ ಹರಿದಾಡತೊಡಗಿದವು. ಕಂದು ಮೈ, ಕೆಂಪು ತಲೆ, ಬೆನ್ನ ಮೇಲೆ ಹಲ್ಲುಜ್ಜುವ ಬ್ರಷ್ಷಿನ ಕೂದಲನ್ನು ಕತ್ತರಿಸಿ ನೆಟ್ಟಂತೆ ಸಾಲಾಗಿ ನಾಲ್ಕು ಹಳದಿ ಕುಚ್ಚು, ತಲೆಯ ಎರಡೂ ಬದಿಯಿಂದ ಮುಂದಕ್ಕೆ ಚಾಚಿದ ಕಪ್ಪು ಕೂದಲಿನ ಜುಟ್ಟು, ಹಿಂಭಾಗದಲ್ಲಿ ಅಂಥದ್ದೇ ಇನ್ನೊಂದು. ನೋಡುವುದಕ್ಕೆ ಅಂದವಾಗಿಯೇ ಇತ್ತು. ಆರು ವರ್ಷದ ಮೊಮ್ಮಗಳು ಅದರ ಅಂದಕ್ಕೆ ಮರುಳಾಗಿ ಕೈಯಲ್ಲಿ ಹಿಡಿದಳು, ಅದೇ ಕೈಯಿಂದ ಕಣ್ಣು ಒರೆಸಿಕೊಂಡಳು. ತುರಿಕೆ ಎಂದು ಅಳುತ್ತ ಬಂದವಳ ಕೈಯನ್ನು ನಾನು ಟವೆಲಿನಿಂದ ಗಟ್ಟಿಯಾಗಿ ಉಜ್ಜಿದೆ. ಉಜ್ಜಿದ್ದರಿಂದ ಕೂದಲು ಚರ್ಮದೊಳಕ್ಕೆ ಇನ್ನಷ್ಟು ಇಳಿದು, ಮೊಣಕೈವರೆಗೆ ಕೆಂಪು ಗಂಧೆ ಎದ್ದವು. ಕಣ್ಣಿನ ವೈದ್ಯರಲ್ಲಿಗೆ ಆ ಸಂಜೆಯೇ ಕರೆದುಕೊಂಡು ಹೋದೆವು. ಅವರು ದೊಡ್ಡ ಮಾಡಿ ತೋರಿಸುವ ಯಂತ್ರದಲ್ಲಿ ನೋಡಿ, ರೆಪ್ಪೆಯ ಒಳಗಿನಿಂದ ಎರಡು ಎಳೆ ತೆಗೆದರು. ಕಣ್ಣಿಗೆ ಬಿದ್ದ ಕೂದಲು ಮುಳ್ಳಿನಂತೆ ಒಳಕ್ಕೇ ಸರಿಯುವುದರಿಂದ ಕಣ್ಣನ್ನು ತಿಕ್ಕಬಾರದು, ಮನೆಮದ್ದು ಹಾಕಬಾರದು, ತಡ ಮಾಡಬಾರದು ಎಂದು ಅವರು ಹೇಳಿದ್ದನ್ನು ಇಲ್ಲಿ ಎಲ್ಲಕ್ಕಿಂತ ಮೊದಲು ದಾಖಲಿಸುತ್ತೇನೆ. ಚರ್ಮಕ್ಕಾದರೆ, ಅಂಟುವ ಟೇಪನ್ನು ಮೆಲ್ಲಗೆ ಒತ್ತಿ ಎತ್ತಿ ಕೂದಲು ತೆಗೆಯಬೇಕು. ಆಮೇಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಣ್ಣನೆಯ ಬಟ್ಟೆ ಇಟ್ಟು, ತುರಿಕೆ ತಗ್ಗಿಸುವ ಕ್ಯಾಲಮೈನ್ ಲೋಷನ್ ಹಚ್ಚಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ಮುಖ ಊದಿಕೊಂಡರೆ ಮನೆಯಲ್ಲಿ ಕೂಡಬಾರದು.

ಕೃಷಿ ಕಾಲೇಜಿನಲ್ಲಿ ಓದಿದ ನನ್ನ ತಮ್ಮನ ಮಗ ಫೋಟೊ ನೋಡಿ ಇದು ಟಸಕ್ ಪತಂಗದ ಮರಿಹುಳು, ಬಹುತೇಕ ಆರ್ಗೀಯಾ ಪೋಸ್ಟಿಕಾ ಎಂದು ಗುರುತಿಸಿದ. ಟಸಕ್ ಎಂದರೆ ಕುಚ್ಚು. ಬೆನ್ನ ಮೇಲಿನ ಕುಚ್ಚಿನಿಂದಲೇ ಆ ಹೆಸರು. ಎರೆಬಿಡೇ ಕುಟುಂಬದಲ್ಲಿ ಲೈಮಾಂಟ್ರಿನೇ ಎಂಬ ಉಪಕುಟುಂಬಕ್ಕೆ ಸೇರಿದ ಈ ಪತಂಗಗಳಲ್ಲಿ ಹಲವು ಜಾತಿಗಳಿದ್ದು, ನಮ್ಮ ದೇಶದಲ್ಲಿ ಔಡಲ, ಗುಲಾಬಿ, ಮಾವು, ತೊಗರಿ, ಬಾದಾಮಿ ಎಂದು ಭೇದ ಮಾಡದೆ ಅನೇಕ ಗಿಡಗಳನ್ನು ತಿನ್ನುತ್ತವೆ. ಬೆಳೆದ ಪತಂಗ ಏನನ್ನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಹುಳುವಿನ ಹಂತದಲ್ಲಿಯೇ ಮುಗಿಯುತ್ತದೆ. ಆರ್ಗೀಯಾದಲ್ಲಿ ಗಂಡಿಗೆ ಮಾತ್ರ ಹಾರುವ ರೆಕ್ಕೆ, ಗರಿಯಂಥ ಮೀಸೆ ಇರುತ್ತವೆ. ಹೆಣ್ಣು ರೆಕ್ಕೆಯಿಲ್ಲದ ಸಣ್ಣ ಚೀಲದಂತಿದ್ದು, ತಾನು ಹೊರಬಂದ ಗೂಡಿನ ಮೇಲೆಯೇ ಕುಳಿತು ಗಂಡನ್ನು ಕರೆದು, ಅದೇ ಗೂಡಿನ ಮೇಲೆ ನೂರಾರು ಮೊಟ್ಟೆ ಇಟ್ಟು ಸಾಯುತ್ತದೆ. ಹಾರಲಾರದ ತಾಯಿಯ ಮರಿಗಳು ಊರೆಲ್ಲ ಹೇಗೆ ಹಬ್ಬುತ್ತವೆ ಎಂಬ ಪ್ರಶ್ನೆಗೂ ಉತ್ತರವಿದೆ: ಆಗಷ್ಟೇ ಹುಟ್ಟಿದ ಮರಿ ನೂಲು ಬಿಟ್ಟು ಜೋತಾಡುತ್ತದೆ, ಗಾಳಿ ಬೀಸಿದಾಗ ನೂಲಿನ ಸಮೇತ ತೇಲಿ ಪಕ್ಕದ ಗಿಡಕ್ಕೋ ಪಕ್ಕದ ಮನೆಗೋ ಹೋಗಿ ಬೀಳುತ್ತದೆ.

ಈ ವಿವರವನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಹುಳು ಗೂಡು ಕಟ್ಟುವಾಗ ತನ್ನ ಮೈಮೇಲಿನ ಕೂದಲನ್ನೇ ರೇಷ್ಮೆಯ ಜೊತೆ ಸೇರಿಸಿ ಹೆಣೆಯುತ್ತದೆ. ಆದ್ದರಿಂದ ಹುಳು ಸತ್ತರೂ ಕೂದಲು ಉಳಿಯುತ್ತದೆ, ಪತಂಗ ಹಾರಿಹೋದರೂ ಗೂಡಿನಲ್ಲಿ ಕೂದಲು ಉಳಿಯುತ್ತದೆ, ಕಳಚಿ ಬಿದ್ದ ಪೊರೆಯಲ್ಲಿಯೂ ಉಳಿಯುತ್ತದೆ. ಇದೇ ಬಳಗದ ಬ್ರೌನ್‌ಟೇಲ್ ಎಂಬ ಪತಂಗದ ಕಾಟವಿರುವ ಅಮೆರಿಕದ ಮೇನ್ ರಾಜ್ಯದಲ್ಲಿ, ಅದರ ಕೂದಲು ಒಂದರಿಂದ ಮೂರು ವರ್ಷದವರೆಗೆ ತುರಿಕೆಯ ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು ಅಲ್ಲಿನ ಆರೋಗ್ಯ ಇಲಾಖೆ ಜನರನ್ನು ಎಚ್ಚರಿಸುತ್ತದೆ. ಹುಳು ಸಾಯಿಸುವುದು ಈ ಸೇವೆಯಲ್ಲಿ ಅರ್ಧ ಕೆಲಸ. ಕೂದಲನ್ನು ಮನೆಯಿಂದ ಹೊರಗೆ ಹಾಕುವುದು ಇನ್ನರ್ಧ. ಎರಡು ಸೇವೆಗಳನ್ನೂ ನಾನು ಈ ಒಂದು ಅಳತೆಯಿಂದಲೇ ತೂಗಿದ್ದೇನೆ.

ಮೊದಲ ಸಂಸ್ಥೆಯವರು ಫೋನ್ ಮಾಡಿದ ಮರುದಿನವೇ, ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಮಯಪಾಲನೆಯ ಮಟ್ಟಿಗೆ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ಒಬ್ಬ ಹುಡುಗ ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಕರವಸ್ತ್ರ ಸುತ್ತಿಕೊಂಡು, ಬಾದಾಮಿ, ನುಗ್ಗೆ, ಗುಲಾಬಿ, ಗೋಡೆ ಎಲ್ಲದಕ್ಕೂ ಒಂದೇ ಔಷಧ ಹೊಡೆದ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, 1,800 ರೂಪಾಯಿ ಕೊಟ್ಟೆವು. ಯಾವ ಔಷಧ ಎಂದು ಕೇಳಿದಾಗ ಡಬ್ಬಿ ಗಾಡಿಯಲ್ಲಿದೆ ಎಂದರು. ತೋರಿಸಿ ಎಂದು ಒತ್ತಾಯಿಸಿದ ಮೇಲೆ ಸೈಪರ್‌ಮೆಥ್ರಿನ್ ಎಂದು ಬಾಯಲ್ಲಿ ಹೇಳಿದರು. ನುಗ್ಗೆಯ ಸೊಪ್ಪು, ಕಾಯಿ ಎಷ್ಟು ದಿನ ತಿನ್ನಬಾರದು ಎಂಬುದಕ್ಕೆ ಉತ್ತರ ಸಿಗಲಿಲ್ಲ. ಕೀಟನಾಶಕದ ಪ್ರತಿ ಡಬ್ಬಿಯ ಮೇಲೂ ಒಂದು ಚೌಕದ ಗುರುತಿದ್ದು, ಅದರ ಕೆಳಭಾಗದ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕರಲ್ಲಿ ಒಂದು ಬಣ್ಣ ಇರುತ್ತದೆ. ಕೆಂಪು ಎಂದರೆ ಅತಿ ಹೆಚ್ಚು ವಿಷ, ಹಸಿರು ಎಂದರೆ ಎಲ್ಲಕ್ಕಿಂತ ಕಡಿಮೆ. ಹಣ ತೆಗೆದುಕೊಂಡು ಮನೆಮನೆಗೆ ಕೀಟ ನಿಯಂತ್ರಣ ಮಾಡುವವರು ಅದಕ್ಕಾಗಿ ಪರವಾನಗಿ ಪಡೆದಿರಬೇಕು ಎಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಡಬ್ಬಿ, ಪರವಾನಗಿ ಎರಡನ್ನೂ ಕೇಳುವುದು ಗಿರಾಕಿಯ ಹಕ್ಕು. ಕೇಳಿದವರನ್ನು ಸಂಶಯದಿಂದ ನೋಡುವ ಸಂಸ್ಥೆಯನ್ನು ನಾನು ಇನ್ನೊಮ್ಮೆ ಕರೆಸುವುದಿಲ್ಲ.

ಹುಳುಗಳು ಸತ್ತವು ಎಂಬುದು ನಿಜ. ಸಂಜೆಯ ಹೊತ್ತಿಗೆ ಅಂಗಳದ ಶಹಾಬಾದ್ ಫರಸಿಯ ಮೇಲೆ ಅವು ಉದುರಿ ಬಿದ್ದಿದ್ದವು. ತೊಂದರೆ ಅಲ್ಲಿಂದಲೇ ಹೆಚ್ಚಾಯಿತು. ಸತ್ತ ಹುಳು ಒಣಗಿ ಪುಡಿಯಾಯಿತು. ಮರುದಿನ ಬೆಳಗ್ಗೆ ನಮ್ಮ ಮನೆಗೆಲಸದ ತಾಯಿ ಎಂದಿನಂತೆ ಒಣ ಕಸಬರಿಗೆಯಿಂದ ಅಂಗಳ ಗುಡಿಸಿದರು, ಎದ್ದ ಧೂಳಿನ ಜೊತೆ ಕೂದಲೂ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಆಕೆಯ ಕುತ್ತಿಗೆ, ತೋಳು ಕೆಂಪಾಗಿ ಊದಿಕೊಂಡಿದ್ದವು. ತಂತಿಯ ಮೇಲಿದ್ದ ಬಟ್ಟೆ ಹಾಕಿಕೊಂಡ ನನ್ನ ಯಜಮಾನರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಬೇರೆಯವರ ಮನೆಯಲ್ಲಿ ಕೂಲಿಗೆ ಬಂದ ಹೆಣ್ಣುಮಗಳು ನಮ್ಮ ಅರಿವುಗೇಡಿತನದಿಂದ ನೋವು ತಿಂದರಲ್ಲ ಎಂಬುದು ನನ್ನನ್ನು ಇಂದಿಗೂ ಬಾಧಿಸುತ್ತದೆ. ಸಂಸ್ಥೆಗೆ ಫೋನ್ ಮಾಡಿದಾಗ, "ಹುಳ ಸತ್ತಾವಲ್ರಿ ಮೇಡಮ್ಮೋರ, ಕಸ ಹೊಡಿಯೂದು ನಮ್ಮ ಕೆಲಸ ಅಲ್ರಿ" ಎಂದರು. ಗೂಡುಗಳನ್ನು ಅವರು ಮುಟ್ಟಿರಲೇ ಇಲ್ಲ. ಸಜ್ಜದ ಕೆಳಗೆ, ಕಿಟಕಿಯ ಸಂದಿಯಲ್ಲಿ, ಕುಂಡಗಳ ಹಿಂದೆ ಅವು ಹಾಗೆಯೇ ಇದ್ದವು. ಸೆಪ್ಟೆಂಬರ್ ಮಧ್ಯದಲ್ಲಿ ಗುಲಾಬಿಯ ಮೇಲೆ ಎಳೆಯ ಹುಳುಗಳು ಮತ್ತೆ ಕಂಡವು. ನಮ್ಮಂಥ ಬಿಸಿ ಹವೆಯ ಊರಿನಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಒಂದು ಸುತ್ತು ಒಂದು, ಒಂದೂವರೆ ತಿಂಗಳಲ್ಲಿ ಮುಗಿಯುವುದರಿಂದ ಅದು ನಿರೀಕ್ಷಿಸಬೇಕಾದದ್ದೇ ಆಗಿತ್ತು. ಅದನ್ನು ಮೊದಲೇ ಹೇಳಿ ಎರಡನೆಯ ಭೇಟಿಯ ದಿನ ಗೊತ್ತು ಮಾಡದ ಸೇವೆಯನ್ನು ಪೂರ್ಣ ಸೇವೆ ಎನ್ನಲಾಗದು.

ಎರಡನೆಯವರಾದ ಅಣ್ಣತಮ್ಮಂದಿರ ಬಗ್ಗೆ ನನಗೆ ಹೇಳಿದವರು ಗಂಜ್ ಮಾರುಕಟ್ಟೆಯ ಕಡೆ ಗೊಬ್ಬರ, ಬೀಜ ಮಾರುವ ಒಬ್ಬ ಅಂಗಡಿಕಾರರು. ಅವರು ಬಂದ ಕೂಡಲೇ ಪಂಪು ಇಳಿಸಲಿಲ್ಲ. ಅರ್ಧ ಗಂಟೆ ಅಂಗಳ ಸುತ್ತಿ ನೋಡಿದರು. ಸುತ್ತಮುತ್ತ ಹಿಪ್ಪುನೇರಳೆ ಹಚ್ಚಿ ರೇಷ್ಮೆ ಸಾಕುವವರು ಇದ್ದಾರೆಯೇ, ಮನೆಯಲ್ಲಿ ಉಬ್ಬಸ ಇರುವವರು ಯಾರು, ನೀರಿನ ತೊಟ್ಟಿ ಮುಚ್ಚಿದೆಯೇ ಎಂದು ಕೇಳಿದರು. ನಾನು ಕಸ ಗುಡಿಸಿಟ್ಟರೆ ಅವರಿಗೆ ಅನುಕೂಲವಾದೀತೆಂದು ಕಸಬರಿಗೆ ಎತ್ತಿಕೊಂಡಾಗ ಅಣ್ಣನಾದವನು ತಡೆದು, "ಅಕ್ಕಾರ, ಒಣಾ ಕಸಬರಿಗಿ ಮುಟ್ಟಬ್ಯಾಡ್ರಿ. ಮೊದಲ ನೀರ ಹೊಡದು ಕೂದಲ ಹಸಿ ಮಾಡೂಣು, ಆಮ್ಯಾಲ ಉಳದ ಕೆಲಸ" ಎಂದ. ಮೊದಲ ಸೇವೆಯವರಿಗೂ ಇವರಿಗೂ ಇರುವ ವ್ಯತ್ಯಾಸ ನನಗೆ ಆ ಒಂದು ಮಾತಿನಲ್ಲಿಯೇ ತಿಳಿಯಿತು.

ಕೆಲಸದ ಕ್ರಮವನ್ನು ವಿವರವಾಗಿಯೇ ಬರೆಯುತ್ತೇನೆ. ಇಬ್ಬರೂ ಉದ್ದ ತೋಳಿನ ಅಂಗಿ, ಮೊಣಕೈವರೆಗಿನ ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಮುಖಕ್ಕೆ ಮಾಸ್ಕ್ ಧರಿಸಿದರು. ಗಿಡದ ಕೆಳಗೆ ನೆನೆಸಿದ ತಾಡಪತ್ರಿ ಹಾಸಿದರು. ಸೋಪು ಬೆರೆಸಿದ ನೀರನ್ನು ಗೋಡೆ, ಕಾಂಡ, ಫರಸಿ ಎಲ್ಲದರ ಮೇಲೂ ತೆಳ್ಳಗೆ ಸಿಂಪಡಿಸಿ ಕೂದಲು ಹಾರದಂತೆ ಮಾಡಿದರು. ಬಣ್ಣ ಬಳಿಯುವವರು ಗೋಡೆ ಕೆರೆಯಲು ಬಳಸುವ ತಗಡಿನ ಪಟ್ಟಿಯಿಂದ ಗೂಡುಗಳನ್ನೂ ಮೊಟ್ಟೆಗಳನ್ನೂ ಒಂದೊಂದಾಗಿ ಎಬ್ಬಿಸಿ, ದಟ್ಟ ಸೋಪಿನ ನೀರು ತುಂಬಿದ ಬಕೆಟ್ಟಿಗೆ ಹಾಕಿದರು. ಸಜ್ಜದ ಕೆಳಗಿನಿಂದಲೇ ಅರ್ಧ ಬಕೆಟ್ ಗೂಡು ಬಂತು. ತೊಗರಿ ಹೊಲದಲ್ಲಿ ಕಾಯಿಕೊರಕ ಬಂದಾಗ ಗಿಡ ಅಲುಗಾಡಿಸಿ ಹುಳು ಬೀಳಿಸಿ ಆರಿಸುವ ಪದ್ಧತಿ ನಮ್ಮ ಭಾಗದವರಿಗೆ ಗೊತ್ತಿರುವುದರಿಂದ, ಬಾದಾಮಿಯನ್ನೂ ಹಾಗೆಯೇ ಅಲುಗಾಡಿಸಬಾರದೇಕೆ ಎಂದು ಯಜಮಾನರು ಕೇಳಿದರು. ಆ ಹುಳುವಿಗೆ ಇಂಥ ಕೂದಲಿಲ್ಲ, ಇದನ್ನು ಅಲುಗಾಡಿಸಿದರೆ ಕೆಳಗೆ ನಿಂತವರ ತಲೆ, ಕಣ್ಣಿಗೆಲ್ಲ ಕೂದಲಿನ ಮಳೆಯಾಗುತ್ತದೆ ಎಂದು ತಮ್ಮನಾದವನು ಉತ್ತರ ಕೊಟ್ಟ. ಸುಡುವುದಕ್ಕೂ ಅವರು ಒಪ್ಪಲಿಲ್ಲ. ಉರಿಯ ಬಿಸಿಗಾಳಿಯಲ್ಲಿ ಸುಡದೆ ಉಳಿದ ಕೂದಲು ಮೇಲೆದ್ದು ಹರಡುತ್ತದೆ. ಬಕೆಟ್ಟನ್ನು ಮುಚ್ಚಿ ರಾತ್ರಿಯಿಡೀ ಇಟ್ಟು, ಮರುದಿನ ಅಂಗಳದ ಮೂಲೆಯಲ್ಲಿ ಮೊಣಕಾಲು ಆಳದ ಗುಂಡಿ ತೋಡಿ ಹೂತರು.

ಔಷಧದ ವಿಷಯದಲ್ಲಿಯೂ ಅವರ ತಿಳಿವಳಿಕೆ ನನಗೆ ಹಿಡಿಸಿತು. ನುಗ್ಗೆಯ ಕಾಂಡದ ಮೇಲೆ ಗುಂಪಾಗಿ ಕುಳಿತಿದ್ದದ್ದು ಬೇರೆಯದೇ ಕಂಬಳಿ ಹುಳು. ಅದು ಟಸಕ್ ಪತಂಗದ ಬಳಗದ್ದಲ್ಲ, ಯೂಪ್ಟೆರೋಟೆ ಎಂಬ ಬೇರೆ ಕುಲದ್ದು. ಹಗಲಲ್ಲಿ ಅವು ಕಾಂಡದ ಮೇಲೆ ಒತ್ತೊತ್ತಾಗಿ ಸೇರಿರುವುದರಿಂದ ಸೋಪಿನ ನೀರು ಹೊಡೆದು ಒಂದೇ ಸಲಕ್ಕೆ ಕೆರೆದು ತೆಗೆಯಬಹುದು, ತಿನ್ನುವ ಗಿಡಕ್ಕೆ ವಿಷ ಯಾಕೆ ಎಂದು ಹೇಳಿ ಅದಕ್ಕೆ ಏನನ್ನೂ ಸಿಂಪಡಿಸಲಿಲ್ಲ. ಗುಲಾಬಿಗೆ ಬೇವಿನ ಬೀಜದ ಕಷಾಯ ಕೊಟ್ಟರು: ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ, ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿದ್ದು. ಬಾದಾಮಿಯ ಎಳೆಯ ಹುಳುಗಳಿಗೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕಲಸಿ ಹೊಡೆದರು. ಅದು ಎಲೆಯ ಜೊತೆ ಹುಳುವಿನ ಹೊಟ್ಟೆಗೆ ಹೋದ ಮೇಲೆಯೇ ಕೆಲಸ ಮಾಡುತ್ತದೆ. ಹುಳು ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ನಿಲ್ಲಿಸಿ, ಕೆಲವು ದಿನಗಳಲ್ಲಿ ಸಾಯುತ್ತದೆ. ಬಿಸಿಲಿಗೆ ಅದರ ಶಕ್ತಿ ಬೇಗ ಕುಂದುವುದರಿಂದ ಸಂಜೆಯ ಹೊತ್ತಿನಲ್ಲಿಯೇ ಹೊಡೆಯಬೇಕು, ಬಲಿತ ಹುಳುವಿನ ಮೇಲೆ ಅದರ ಪರಿಣಾಮ ಕಡಿಮೆ. ರೇಷ್ಮೆಯ ಬಗ್ಗೆ ಮೊದಲೇ ವಿಚಾರಿಸಿದ್ದು ಯಾಕೆಂದು ಆಗ ಅರ್ಥವಾಯಿತು: ಜಪಾನಿನಲ್ಲಿ 1901ರಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡುಹಿಡಿದದ್ದೇ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ.

ಒಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಗುಲಾಬಿಯ ಒಂದು ಎಲೆಯ ಮೇಲೆ ಮಂಕಾಗಿ ಕುಳಿತಿದ್ದ ಹುಳುವಿನ ಪಕ್ಕದಲ್ಲಿ ಅಕ್ಕಿಯ ನುಚ್ಚಿನಂಥ ಬಿಳಿ ಗೂಡುಗಳಿದ್ದವು. ತಮ್ಮನಾದವನು ಅದನ್ನು ಬಕೆಟ್ಟಿಗೆ ಹಾಕದೆ ಎಲೆಯ ಸಮೇತ ಕತ್ತರಿಸಿ ಕಂಪೌಂಡಿನ ಆಚೆಯ ಔಡಲದ ಮೇಲೆ ಇಟ್ಟು ಬಂದ. ಕಂಬಳಿ ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಪುಟ್ಟ ಕಣಜಗಳ ಗೂಡುಗಳವು. ಮುಂಗಾರಿನ ಜೊತೆಗೆ ಬರುವ ಚಾತಕ ಪಕ್ಷಿಗೂ ಕೂದಲಿನ ಹುಳುವೇ ಇಷ್ಟದ ಆಹಾರ. ಎಲ್ಲದರ ಮೇಲೂ ಘಾಟು ವಿಷ ಹೊಡೆದಾಗ ಈ ಕಣಜಗಳೂ ಸಾಯುತ್ತವೆ, ಜೇನೂ ಸಾಯುತ್ತದೆ. ಅಷ್ಟು ಕಣ್ಣಿಟ್ಟು ಕೆಲಸ ಮಾಡುವ ಹುಡುಗರನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಆದರೆ ಅವರಲ್ಲಿ ಕೊರತೆಗಳಿಲ್ಲವೆಂದಲ್ಲ. ಬೆಳಗ್ಗೆ ಎಂಟಕ್ಕೆ ಬರುತ್ತೇವೆ ಎಂದವರು ಒಂಬತ್ತೂವರೆಗೆ ಬಂದರು, ತಡವಾಗುವುದನ್ನು ತಿಳಿಸಲಿಲ್ಲ. ಅವರ ಏಣಿ ಬಾದಾಮಿಯ ಮೇಲ್ತುದಿಗೆ ಮುಟ್ಟಲಿಲ್ಲ. ಮೇಲಿನ ಟೊಂಗೆಗಳನ್ನು ಮೂರು ದಿನ ಬಿಟ್ಟು ಬಂದು ಮಾಡಿದರು. ರಸೀದಿಯನ್ನು ಕೇಳಿದ ಮೇಲೆಯೇ ಕೊಟ್ಟರು. ಎಲ್ಲಕ್ಕಿಂತ ದೊಡ್ಡ ಕೊರತೆ ತಿಳಿದದ್ದು ಆರು ತಿಂಗಳ ಮೇಲೆ. ನಮ್ಮ ಊರಿನ ಅನೇಕ ಮನೆಗಳಂತೆ ನಮ್ಮಲ್ಲಿಯೂ ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂಲರ್ ಇದೆ. ಮಳೆಗಾಲವಿಡೀ ಅದು ಸುಮ್ಮನೆ ನಿಂತಿತ್ತು. ಮಾರ್ಚ್ ಮೊದಲ ವಾರ ಬಿಸಿಲು ತಾಳಲಾರದೆ ಅದನ್ನು ಚಾಲೂ ಮಾಡಿದ ರಾತ್ರಿ ಕೋಣೆಯಲ್ಲಿದ್ದ ಎಲ್ಲರಿಗೂ ಮುಖ, ಕುತ್ತಿಗೆ ತುರಿಕೆ ಎದ್ದಿತು. ಬೆಳಗ್ಗೆ ಹುಲ್ಲಿನ ಪ್ಯಾಡ್ ಬಿಚ್ಚಿ ನೋಡಿದರೆ ಒಳಬದಿಯಲ್ಲಿ ಒಣಗಿದ ಗೂಡುಗಳು ಸಾಲುಗಟ್ಟಿದ್ದವು. ಫ್ಯಾನು ಅವುಗಳ ಕೂದಲನ್ನು ನೇರವಾಗಿ ಹಾಸಿಗೆಯ ಮೇಲೆ ಊದಿತ್ತು. ಸೆಪ್ಟೆಂಬರಿನಲ್ಲಿ ಅಂಗಳದ ಮೂಲೆಮೂಲೆ ನೋಡಿದವರು ಕೂಲರನ್ನು ಬಿಚ್ಚಿ ನೋಡಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಫೋನ್ ಮಾಡಿದಾಗ ಅಣ್ಣನಾದವನು ವಾದ ಮಾಡದೆ, ತಪ್ಪಾಯಿತು ಎಂದು ಒಪ್ಪಿಕೊಂಡು ಮಾರನೆಯ ದಿನ ಬಂದು, ಪ್ಯಾಡುಗಳನ್ನು ನೆನೆಸಿ ಚೀಲಕ್ಕೆ ಕಟ್ಟಿ ತೆಗೆದು, ಕೂಲರಿನ ಒಳಭಾಗವನ್ನು ಸೋಪಿನ ನೀರಿನಿಂದ ತೊಳೆದು ಹೋದ. ಹಣ ತೆಗೆದುಕೊಳ್ಳಲಿಲ್ಲ. ಹೊಸ ಪ್ಯಾಡುಗಳ ಖರ್ಚು ನಮ್ಮದಾಯಿತು. ಹಾಸಿಗೆಯ ಹೊದಿಕೆ, ಬಟ್ಟೆಗಳನ್ನೆಲ್ಲ ಬಿಸಿ ನೀರಿನಲ್ಲಿ ಎರಡು ಸಲ ಒಗೆಯಬೇಕಾಯಿತು.

ಅಣ್ಣತಮ್ಮಂದಿರು ಎರಡು ಭೇಟಿಗೆ ಸೇರಿಸಿ 2,600 ರೂಪಾಯಿ ತೆಗೆದುಕೊಂಡರು. ಎರಡನೆಯ ಭೇಟಿ ಅಕ್ಟೋಬರ್ ಮಧ್ಯದಲ್ಲಿ, ಮುಂದಿನ ಸುತ್ತಿನ ಮರಿ ಹೊರಬರುವ ಲೆಕ್ಕ ಹಿಡಿದು ಅವರೇ ಗೊತ್ತು ಮಾಡಿದ್ದು. ಮೊದಲ ಸಂಸ್ಥೆಗೆ ಕೊಟ್ಟದ್ದಕ್ಕಿಂತ 800 ರೂಪಾಯಿ ಹೆಚ್ಚು, ಕೆಲಸದ ಹೊತ್ತು ಐದಾರು ಪಟ್ಟು ಹೆಚ್ಚು. ಐದರಲ್ಲಿ ಅವರಿಗೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಕೂಲರಿನದು. ಮೊದಲ ಸಂಸ್ಥೆಗೆ ಒಂದೂವರೆ, ಅದೂ ಸಮಯಕ್ಕೆ ಬಂದದ್ದಕ್ಕೆ. ನೀವು ಯಾರನ್ನೇ ಕರೆಸಿದರೂ, ಗೂಡು ಮತ್ತು ಮೊಟ್ಟೆ ಕೈಯಿಂದ ತೆಗೆಯುತ್ತೀರಾ, ಸತ್ತ ಹುಳುವನ್ನು ಏನು ಮಾಡುತ್ತೀರಿ, ಎಷ್ಟು ದಿನ ಬಿಟ್ಟು ಮತ್ತೆ ಬರುತ್ತೀರಿ ಎಂದು ಫೋನಿನಲ್ಲಿಯೇ ಕೇಳಿ. ಮೂರಕ್ಕೂ ನೇರ ಉತ್ತರ ಬರದಿದ್ದರೆ ಬೇರೆಯವರನ್ನು ಹುಡುಕಿ.

ಈ ವರ್ಷ ಜುಲೈ ಎರಡನೆಯ ವಾರ ಅಣ್ಣತಮ್ಮಂದಿರು ತಾವೇ ಫೋನ್ ಮಾಡಿ ಬಂದು, ಅಂಗಳ ನೋಡಿ ಹೋದರು. ಈ ಸಲ ಮೊದಲು ಕೂಲರ್ ಬಿಚ್ಚಿದರು. ಅದರಲ್ಲಿ ಏನೂ ಇರಲಿಲ್ಲ. ಮೀಟರ್ ಪೆಟ್ಟಿಗೆಯ ಹಿಂದೆ ಎರಡು ಗೂಡು, ಔಡಲದ ಕಡೆಯ ಗೋಡೆಯ ಮೇಲೆ ಒಂದು ಸಿಕ್ಕಿತು. ಮೊಮ್ಮಗಳು ಬಾಗಿಲ ಹೊಸ್ತಿಲ ಒಳಗೆ ನಿಂತು, ಗೂಡು ಬಕೆಟ್ಟಿಗೆ ಬೀಳುವುದನ್ನು ಎಣಿಸಿದಳು.